ಕಾನೂನು ಕೇಳಿ: ಕೋರ್ಟ್ ಹೇಳಿದರೂ ಮೊಮ್ಮಗಳನ್ನು ತೋರಿಸುತ್ತಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಜ್ಜ-ಅಜ್ಜಿಯರವು. ಮೊಮ್ಮಕ್ಕಳನ್ನು ನೋಡಲು ಕೋರ್ಟ್ ಆದೇಶ ಮಾಡಿದೆ, ಆದರೆ ನೋಡಲು ಬಿಡುತ್ತಿಲ್ಲ ಅನ್ನುವ ದೂರು. ಒಂದು ಪತ್ರ ಮಾತ್ರ ಎದುರು ಕಡೆಯಿಂದ ಬಂದಿದೆ. ಅದನ್ನೂ ಬೇಕೆಂದೇ ಇಲ್ಲಿ ಸೇರಿಸಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ತೆಗೆದು, ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ಮೇಡಂ, ನನಗೆ 66 ವರ್ಷ. ಒಬ್ಬನೇ ಮಗ ಬೈಕ್ ಅಪಘಾತದಲ್ಲಿ ಹೋಗಿಬಿಟ್ಟ. ಆಗ ಮೊಮ್ಮಗಳಿಗೆ ನಾಲ್ಕು ವರ್ಷ, ಈಗ ಏಳು. ಸೊಸೆ ಹರಿಹರದ ತವರುಮನೆಯಲ್ಲಿದ್ದಾಳೆ. ಮಗುವನ್ನು ನೋಡಲು ಬಿಡದೇ ಇದ್ದಾಗ ದಾವಣಗೆರೆಯ ಕೌಟುಂಬಿಕ ನ್ಯಾಯಾಲಯಕ್ಕೆ ಹೋದೆವು. "ಅರ್ಜಿದಾರರು ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಭಾನುವಾರ ಮಗುವನ್ನು ಭೇಟಿ ಮಾಡಬಹುದು" ಎಂದು ಆದೇಶ ಆಯಿತು. ಮೊದಲು ಸರಿಯಾಗಿಯೇ ಇತ್ತು. ಆಮೇಲೆ ಒಂದು ಸಲ ಜ್ವರ, ಒಂದು ಸಲ ಟ್ಯೂಷನ್, ಇನ್ನೊಂದು ಸಲ ಬೀಗರ ಮನೆಗೆ ಬೀಗ. ಹೋದ ಸಲ ಮಗುವನ್ನು ಗೇಟಿನ ಒಳಗೇ ನಿಲ್ಲಿಸಿ ಐದು ನಿಮಿಷ ಮಾತಾಡಿಸಿ ಒಳಗೆ ಕರೆದುಕೊಂಡು ಹೋದರು. ನಮ್ಮ ಯಜಮಾನರು ಪೆನ್ಷನ್ನಿನಲ್ಲಿ ಮಗುವಿನ ಸ್ಕೂಲ್ ಫೀ ಕಟ್ಟುತ್ತಾರೆ. ಅದನ್ನು ನಿಲ್ಲಿಸಿದರೆ ದಾರಿಗೆ ಬರುತ್ತಾರೆ ಅನ್ನುತ್ತಾರೆ ಅವರು. ಅಳಿಯ, ಸ್ಕೂಲ್ ಹತ್ತಿರ ಹೋಗಿ ಕರೆದುಕೊಂಡು ಬಂದುಬಿಡೋಣ ಅನ್ನುತ್ತಾನೆ. ಪೊಲೀಸರ ಹತ್ತಿರ ಹೋದರೆ ಇದು ಸಿವಿಲ್ ಮ್ಯಾಟರ್ ಅಂದರು. ಸೊಸೆ ಮಾತಿಗೆ ಸಿಕ್ಕಾಗೆಲ್ಲ ಮಗನ ಹೆಸರಿನಲ್ಲಿದ್ದ ಸೈಟಿನ ವಿಷಯ ಎತ್ತುತ್ತಾಳೆ. ನ್ಯಾಯಾಂಗ ನಿಂದನೆ ಹಾಕಿ ಅವಳಿಗೆ ಬುದ್ಧಿ ಕಲಿಸಲು ಆಗುತ್ತದೆಯೇ?

ಉತ್ತರ: ಅಮ್ಮಾ, ಮೊದಲು ನಿಮ್ಮ ಅಳಿಯನಿಗೆ ಒಂದು ಮಾತು. ಸ್ಕೂಲ್ ಗೇಟಿಗೆ ಹೋಗಬೇಡಿ. ತಂದೆ ಇಲ್ಲದ ಮೇಲೆ ಮಗುವಿಗೆ ಸಹಜ ಪಾಲಕಿ ತಾಯಿಯೇ, 1956ರ ಹಿಂದೂ ಅಪ್ರಾಪ್ತ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಂ ಹೇಳುವುದು ಅದನ್ನೇ. ಅವಳ ಒಪ್ಪಿಗೆ ಇಲ್ಲದೆ ಮಗುವನ್ನು ಕರೆದುಕೊಂಡು ಹೋದರೆ ಅವಳು ಅಪಹರಣ ಅಂತ ದೂರು ಕೊಡಬಹುದು. ಭಾರತೀಯ ನ್ಯಾಯ ಸಂಹಿತೆಯ 137ನೇ ಕಲಂ ಇರುವುದು ಅದಕ್ಕೇ. ಮೊಮ್ಮಗಳನ್ನು ನೋಡಲು ಹೋದ ಅಜ್ಜಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂರುವ ಹಾಗೆ ಆಗಬಾರದು. ಅದೂ ಅಲ್ಲದೆ, ಆವತ್ತಿನವರೆಗೂ ತಪ್ಪು ಅವರ ಕಡೆ ಇರುತ್ತದೆ, ಆವತ್ತಿನಿಂದ ನಿಮ್ಮ ಕಡೆಗೆ ಬರುತ್ತದೆ.

ಯಜಮಾನರಿಗೆ ಇನ್ನೊಂದು ಮಾತು. ಫೀ ನಿಲ್ಲಿಸಬೇಡಿ. ದುಡ್ಡು ಕೊಟ್ಟರೆ ಮಗು ತೋರಿಸುತ್ತೇನೆ ಅಂತ ತಾಯಿ ಹೇಳುವಂತಿಲ್ಲ, ಮಗು ತೋರಿಸಿದರೆ ದುಡ್ಡು ಕೊಡುತ್ತೇನೆ ಅಂತ ನೀವೂ ಹೇಳುವಂತಿಲ್ಲ. ನ್ಯಾಯಾಧೀಶರ ಮುಂದೆ ಫೀ ರಸೀದಿಗಳನ್ನು ಇಟ್ಟು "ಇಷ್ಟೆಲ್ಲ ಆದರೂ ನಾವು ನಿಲ್ಲಿಸಿಲ್ಲ" ಅನ್ನುವುದಕ್ಕೂ, "ನಿಲ್ಲಿಸಿದೆವು, ಆದರೂ ಬಗ್ಗಲಿಲ್ಲ" ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಅವರೇ ಯೋಚನೆ ಮಾಡಲಿ.

ಈಗ ನಿಮ್ಮ ಆದೇಶಕ್ಕೆ ಬರೋಣ. ನೀವು ಕಳಿಸಿದ ಸಾಲನ್ನು ಇನ್ನೊಮ್ಮೆ ಓದಿ. ಭಾನುವಾರ ಎಷ್ಟು ಗಂಟೆಗೆ? ಎಲ್ಲಿ? ಮಗುವನ್ನು ಯಾರು ಕರೆತರಬೇಕು? ಎಷ್ಟು ಹೊತ್ತು? ಒಂದು ಭಾನುವಾರ ತಪ್ಪಿದರೆ ಬದಲಿ ದಿನ ಯಾವುದು? ಏನೂ ಇಲ್ಲ. ಗೇಟಿನ ಒಳಗೆ ಐದು ನಿಮಿಷ ನಿಲ್ಲಿಸಿದ್ದೂ ಭೇಟಿಯೇ ಅಂತ ಅವರ ವಕೀಲರು ವಾದ ಮಾಡುತ್ತಾರೆ. ಆದೇಶದಲ್ಲಿ ಬರೆದಿಲ್ಲದ್ದನ್ನು ಉಲ್ಲಂಘನೆ ಅಂತ ತೋರಿಸುವುದು ಬಹಳ ಕಷ್ಟ. ನನ್ನ ಅನುಭವದಲ್ಲಿ ಇಂಥ ಜಗಳಗಳಲ್ಲಿ ಅರ್ಧದಷ್ಟು ಹುಟ್ಟುವುದು ಜನರ ಕೆಟ್ಟತನದಿಂದ ಅಲ್ಲ, ಹೀಗೆ ಅರೆಬರೆ ಬರೆದ ಆದೇಶದಿಂದ. ಆದೇಶ ಬಂದ ದಿನ ಖುಷಿಯಲ್ಲಿ ಯಾರೂ ಅದನ್ನು ಪೂರ್ತಿ ಓದುವುದಿಲ್ಲ. ವಕೀಲರೂ ಮುಂದಿನ ಕೇಸಿಗೆ ಓಡಿರುತ್ತಾರೆ.

ಹಾಗಾಗಿ ಶಿಕ್ಷೆ ಕೇಳುವ ಮೊದಲು ಆದೇಶವನ್ನು ಗಟ್ಟಿ ಮಾಡಿಸಿ. ಮಕ್ಕಳ ವಿಷಯದ ಆದೇಶಗಳು ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಮಗುವಿನ ಒಳಿತಿಗೆ ಬೇಕಾದಾಗ ಬದಲಾಯಿಸಬಹುದು ಅಂತ ಸುಪ್ರೀಂ ಕೋರ್ಟ್ 1973ರ ರೋಸಿ ಜೇಕಬ್ ಪ್ರಕರಣದಲ್ಲೇ ಹೇಳಿದೆ. ಅದೇ ನ್ಯಾಯಾಲಯದಲ್ಲಿ ಮಾರ್ಪಾಡಿನ ಅರ್ಜಿ ಹಾಕಿ. ಏನು ಕೇಳಬೇಕು ಅಂತ ಒಂದು ಮಾದರಿ ಕೊಡುತ್ತೇನೆ, ನಿಮ್ಮ ವಕೀಲರಿಗೆ ತೋರಿಸಿ:

"ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಭಾನುವಾರ ಬೆಳಿಗ್ಗೆ 10 ಗಂಟೆಗೆ ಎದುರುದಾರರು ಮಗುವನ್ನು ದಾವಣಗೆರೆಯ ಅರ್ಜಿದಾರರ ಮನೆಗೆ ತಂದು ಬಿಡಬೇಕು. ಮಧ್ಯಾಹ್ನ 3 ಗಂಟೆಗೆ ಅರ್ಜಿದಾರರು ಮಗುವನ್ನು ಹರಿಹರದ ಎದುರುದಾರರ ಮನೆಗೆ ಮುಟ್ಟಿಸಬೇಕು. ಮಗುವಿಗೆ ಹುಷಾರಿಲ್ಲದಿದ್ದರೆ ಹಿಂದಿನ ದಿನವೇ ವೈದ್ಯರ ಚೀಟಿಯೊಂದಿಗೆ ತಿಳಿಸಿ, ಮುಂದಿನ ಭಾನುವಾರ ಭೇಟಿ ಮಾಡಿಸಬೇಕು. ಪ್ರತಿ ಬುಧವಾರ ಸಂಜೆ 7ಕ್ಕೆ ವಿಡಿಯೊ ಕಾಲ್ ಮಾಡಿಸಬೇಕು. ದಸರಾ ರಜೆಯಲ್ಲಿ ಎರಡು ದಿನ, ಬೇಸಿಗೆ ರಜೆಯಲ್ಲಿ ಐದು ದಿನ ಮಗು ಅರ್ಜಿದಾರರ ಜೊತೆ ಇರಬೇಕು."

ಇದರಲ್ಲಿ ವಿಡಿಯೊ ಕಾಲ್ ನನ್ನ ಸ್ವಂತ ಕಲ್ಪನೆ ಅಂದುಕೊಳ್ಳಬೇಡಿ. 2020ರ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಗು ಜೊತೆಯಲ್ಲಿಲ್ಲದ ತಂದೆ ಅಥವಾ ತಾಯಿಗೆ ಭೇಟಿಯ ಜೊತೆ ಫೋನು, ವಿಡಿಯೊ ಕಾಲ್‌ನಲ್ಲಿ ಮಾತಾಡುವ ಹಕ್ಕೂ ಮುಖ್ಯ ಅಂದಿದೆ. ಅದು ತಂದೆ-ತಾಯಿಗೆ ಹೇಳಿದ್ದು, ನಿಜ. ಆದರೆ ಅಜ್ಜಿಗೂ ಕೊಡಿ ಅಂತ ಕೇಳಲು ಅದು ಒಳ್ಳೆಯ ಆಧಾರ. ಬೇಸಿಗೆ ರಜೆಯ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಏಪ್ರಿಲ್ ಮಧ್ಯದಲ್ಲಿ ನೆನಪಾಗಿ ಓಡಿಬರಬೇಡಿ. ನೋಟಿಸ್ ಹೋಗಬೇಕು, ಅವರು ಆಕ್ಷೇಪಣೆ ಹಾಕಬೇಕು, ವಾಯಿದೆ ಮೇಲೆ ವಾಯಿದೆ ಆಗುವಷ್ಟರಲ್ಲಿ ಮೇ ತಿಂಗಳ ಕೋರ್ಟ್ ರಜೆ ಬಂದಿರುತ್ತದೆ. ರಜೆಯ ಭೇಟಿಗೆ ಫೆಬ್ರುವರಿಯಲ್ಲೇ ಅರ್ಜಿ ಹಾಕಿ.

ಈ ನಡುವೆ ಪ್ರತಿ ಭಾನುವಾರದ ಲೆಕ್ಕ ಇಡಿ. ಅದಕ್ಕಂತಲೇ ಒಂದು ನೋಟ್‌ಬುಕ್ ಇರಲಿ. ಹೇಗೆ ಬರೆಯಬೇಕು ಅಂದರೆ:

"ಜೂನ್ 8, ಭಾನುವಾರ. 9.50ಕ್ಕೆ ಹರಿಹರದ ಮನೆ ಮುಂದೆ ತಲುಪಿದೆವು. ಗೇಟಿಗೆ ಬೀಗ. 10.05ಕ್ಕೆ ಫೋನ್, ಎತ್ತಲಿಲ್ಲ. 10.10ಕ್ಕೆ ವಾಟ್ಸಾಪ್. 11.20ಕ್ಕೆ ಉತ್ತರ: 'ಮಗುವಿಗೆ ಜ್ವರ, ಆಸ್ಪತ್ರೆಗೆ ಬಂದಿದ್ದೇವೆ.' 12ರವರೆಗೆ ಕಾದು ಬಂದೆವು. ಜೊತೆಗಿದ್ದವರು: ಯಜಮಾನರು."

ಇಷ್ಟೇ. "ನಾಟಕ ಆಡ್ತಾಳೆ", "ಎಲ್ಲಾ ಅವಳ ಅಮ್ಮನ ಕಿತಾಪತಿ" ಅಂತ ಬರೆಯಬೇಡಿ. ನಡೆದದ್ದು ಮಾತ್ರ. ಜ್ವರ ನಿಜವೇ ಇರಬಹುದು, ಸುಳ್ಳೇ ಇರಬಹುದು. ಬೇರೆ ದಿನಗಳಲ್ಲಿ ಶಾಲೆಗೆ ಹೋಗುವ ಮಗುವಿಗೆ ಎರಡನೇ, ನಾಲ್ಕನೇ ಭಾನುವಾರವೇ ಜ್ವರ ಬರುತ್ತಿದ್ದರೆ, ಹತ್ತು ಸಾಲು ಓದುವಷ್ಟರಲ್ಲಿ ನ್ಯಾಯಾಧೀಶರಿಗೇ ಗೊತ್ತಾಗುತ್ತದೆ.

ಮೆಸೇಜಿನ ವಿಷಯದಲ್ಲೂ ಇದೇ. ನನ್ನ ಕಕ್ಷಿದಾರರು ತೋರಿಸುವ ಮೆಸೇಜುಗಳು ಹೆಚ್ಚಾಗಿ ಹೀಗಿರುತ್ತವೆ: "ನಮ್ಮ ರಕ್ತ ಅದು, ನಮ್ಮಿಂದ ದೂರ ಮಾಡಿದರೆ ದೇವರು ನೋಡಿಕೊಳ್ತಾನೆ." ಇದನ್ನು ಎದುರು ವಕೀಲರು ಕೋರ್ಟಿನಲ್ಲಿ ಜೋರಾಗಿ ಓದುತ್ತಾರೆ. ನಿಮ್ಮ ಕಡೆಯ ಕೇಸು ಅಲ್ಲೇ ತೆಳ್ಳಗಾಗುತ್ತದೆ. ಶನಿವಾರ ಸಂಜೆ ಹೀಗೆ ಕಳಿಸಿ: "ಅಮ್ಮಾ, ಕೋರ್ಟ್ ಆದೇಶದಂತೆ ನಾಳೆ ಬೆಳಿಗ್ಗೆ 10ಕ್ಕೆ ಪುಟ್ಟಿಯನ್ನು ನೋಡಲು ಬರುತ್ತೇವೆ. 3 ಗಂಟೆಗೆ ವಾಪಸ್ ಬಿಡುತ್ತೇವೆ. ಅವಳಿಗೆ ಏನಾದರೂ ಔಷಧ ಕೊಡುವುದಿದ್ದರೆ ತಿಳಿಸು." ಈ ಮೆಸೇಜ್ ಓದಿದವರಿಗೆ ನೀವು ಎಂಥ ಅಜ್ಜಿ ಅಂತ ಯಾರೂ ವಿವರಿಸಬೇಕಾಗಿಲ್ಲ. ಮೊಬೈಲ್ ಬದಲಾಯಿಸುವಾಗ ಹಳೆಯ ಚಾಟ್ ಅಳಿಸಿಹೋಗದ ಹಾಗೆ ನೋಡಿಕೊಳ್ಳಿ. ಅದರ ಪ್ರಿಂಟ್ ಸಾಕ್ಷಿಯಾಗಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗೆ ಬೇಕು. ಹಿಂದೆ 65ಬಿ ಸರ್ಟಿಫಿಕೇಟ್ ಅಂತಿದ್ದೆವಲ್ಲ, ಅದರ ಹೊಸ ರೂಪ. ವಕೀಲರು ಮಾಡಿಕೊಡುತ್ತಾರೆ.

ಇಷ್ಟಾದ ಮೇಲೂ ಬಗ್ಗದಿದ್ದರೆ ಅಮಲ್ಜಾರಿ ಅರ್ಜಿ, ಅಂದರೆ ಆದೇಶವನ್ನು ಜಾರಿ ಮಾಡಿಸಿಕೊಡಿ ಅಂತ ಕೇಳುವ ಅರ್ಜಿ. ಕೌಟುಂಬಿಕ ನ್ಯಾಯಾಲಯದ ಆದೇಶಕ್ಕೂ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ ಇದೆ, ಅದನ್ನು ಹಾಗೆಯೇ ಜಾರಿ ಮಾಡಿಸಬಹುದು ಅಂತ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 18ನೇ ಕಲಂ ಹೇಳುತ್ತದೆ. ಬೇಕೆಂದೇ ಆದೇಶ ಮೀರಿದವರ ಆಸ್ತಿ ಜಪ್ತಿ, ಸಿವಿಲ್ ಜೈಲು, ಇವೆಲ್ಲ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿವೆ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಲ್ಲೂ ದಂಡದ ಕಲಂ ಒಂದಿದೆ, 45ನೇದು. ಕೇಸು ನಡೆಯುತ್ತಿರುವಾಗ ಮಗುವನ್ನು ಹಾಜರುಪಡಿಸಿ ಅಂದರೂ ಹಾಜರುಪಡಿಸದವರಿಗೆ 100 ರೂಪಾಯಿವರೆಗೆ ದಂಡ. ಆಮೇಲೂ ತಪ್ಪಿಸಿದರೆ ದಿನಕ್ಕೆ 10 ರೂಪಾಯಿ, ಒಟ್ಟು 500 ರೂಪಾಯಿ ಮೀರದ ಹಾಗೆ. ಬ್ರಿಟಿಷರ ಕಾಲಕ್ಕೆ ಅದು ದೊಡ್ಡ ಮೊತ್ತವೇ ಇರಬೇಕು. ಈಗ ನಿಮ್ಮೂರಿನಲ್ಲಿ ಇಬ್ಬರು ಕೂತು ಬೆಣ್ಣೆ ದೋಸೆ ತಿಂದು ಕಾಫಿ ಕುಡಿದರೆ ನೂರು ರೂಪಾಯಿ ಸಾಲುವುದಿಲ್ಲ! ಆದರೆ ಅದೇ ಕಲಮಿನಲ್ಲಿ ಸಿವಿಲ್ ಜೈಲೂ ಇದೆ, ಹಾಗಾಗಿ ಪೂರ್ತಿ ನಗುವ ಹಾಗಿಲ್ಲ.

ಜೈಲಿನವರೆಗೆ ಹೋಗುವುದು ಬಹಳ ಅಪರೂಪ. ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ನ್ಯಾಯಾಧೀಶರು ಇಬ್ಬರನ್ನೂ ಕರೆಸುತ್ತಾರೆ. ಸೊಸೆಗೆ ಗದರುತ್ತಾರೆ, ಒಂದೊಂದು ಸಲ ನಿಮಗೂ. ಕೌನ್ಸೆಲರ್ ಹತ್ತಿರ ಕಳಿಸುತ್ತಾರೆ. ಮಗುವನ್ನು ಮುಂದಿನ ವಾಯಿದೆಗೆ ಕರೆತನ್ನಿ ಅಂತ ಹೇಳಿ ಚೇಂಬರಿನಲ್ಲಿ ಕೂರಿಸಿಕೊಂಡು ಮಾತಾಡಿಸುತ್ತಾರೆ. ತಪ್ಪಿಹೋದ ದಿನಗಳಿಗೆ ಬದಲಿ ದಿನ ಕೊಡುತ್ತಾರೆ. ಕೆಲವು ಭೇಟಿಗಳು ಕೋರ್ಟಿನ ಆವರಣದಲ್ಲೇ ನಡೆಯಲಿ ಅನ್ನುತ್ತಾರೆ. ಕೋರ್ಟಿನಲ್ಲಿ ಮೊಮ್ಮಗಳನ್ನು ನೋಡುವುದೇ ಅಂತ ಬೇಸರ ಮಾಡಿಕೊಳ್ಳಬೇಡಿ. ಗೇಟಿನ ಸರಳುಗಳ ಆಚೆಯಿಂದ ನೋಡುವುದಕ್ಕಿಂತ ವಾಸಿ. ಅಲ್ಲಿ ಹಾಜರಾತಿ ದಾಖಲಾಗುತ್ತದೆ, ನೆಪ ನಡೆಯುವುದಿಲ್ಲ.

ನ್ಯಾಯಾಂಗ ನಿಂದನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಆ ಅರ್ಜಿ ಹೈಕೋರ್ಟಿಗೆ ಹೋಗಬೇಕು, ದಾವಣಗೆರೆಯವರಾದ ನೀವು ಅದಕ್ಕಾಗಿ ಬೆಂಗಳೂರಿಗೆ ಓಡಾಡಬೇಕು. 1971ರ ಕಾಯ್ದೆಯ ಪ್ರಕಾರ ಆರು ತಿಂಗಳವರೆಗೆ ಸಾದಾ ಸಜೆ ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಮನಸಾರೆ ಕ್ಷಮೆ ಕೇಳಿದರೆ ಅದೂ ಮಾಫಿ ಆಗಬಹುದು. ಬೇಕೆಂದೇ ಮೀರಿದ್ದಾರೆ ಅಂತ ನೀವು ತೋರಿಸಬೇಕು, ಮತ್ತು ತಪ್ಪು ನಡೆದು ಒಂದು ವರ್ಷದೊಳಗೆ ಹೋಗಬೇಕು. ಅಮಲ್ಜಾರಿ ಅರ್ಜಿಯ ದಾರಿ ಇರುವಾಗ ಇಲ್ಲಿಗೇಕೆ ಬಂದಿರಿ ಅಂತ ಅಲ್ಲಿ ಕೇಳುವುದೂ ಉಂಟು. ನಿಮ್ಮ ಈಗಿನ ಆದೇಶ ಇಟ್ಟುಕೊಂಡು ಹೋದರೆ ಬರಿಗೈಯಲ್ಲಿ ವಾಪಸ್ ಬರುವ ಸಾಧ್ಯತೆಯೇ ಜಾಸ್ತಿ. ಬುದ್ಧಿ ಕಲಿಸುತ್ತೇನೆ ಅನ್ನುವ ನಿಮ್ಮ ಮಾತಿಗೂ ಒಂದು ಉತ್ತರ ಹೇಳಲೇಬೇಕು. ಅಮ್ಮನನ್ನು ಜೈಲಿಗೆ ಕಳಿಸಿದ್ದು ಯಾರು ಅಂತ ಏಳು ವರ್ಷದ ಮಗುವಿಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಆಮೇಲೆ ಕೋರ್ಟ್ ಎಷ್ಟು ಭಾನುವಾರ ಕೊಟ್ಟರೂ ಅವಳು ನಿಮ್ಮ ಪಕ್ಕ ಕೂತು ಊಟ ಮಾಡುವುದಿಲ್ಲ.

ಇನ್ನು ಸೈಟು. ಕಾನೂನಿನಲ್ಲಿ ಸೈಟು ಬೇರೆ, ಮಗು ಬೇರೆ. ಆದರೆ ಮನೆಯಲ್ಲಿ ಎರಡೂ ಒಂದೇ ಜಗಳ, ನಿಮ್ಮ ಪತ್ರದಲ್ಲೇ ಅದು ಕಾಣುತ್ತದೆ. ನಿಮ್ಮ ಮಗ ಸ್ವಂತ ದುಡಿಮೆಯಲ್ಲಿ ತೆಗೆದುಕೊಂಡ ಸೈಟಾಗಿದ್ದು ವಿಲ್ ಬರೆದಿಲ್ಲದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಮಗಳು, ತಾಯಿ, ಈ ಮೂವರಿಗೂ ಸಮಪಾಲು. ತಂದೆಗೆ ಪಾಲಿಲ್ಲ. ಅಂದರೆ ಅದರ ಮೂರರಲ್ಲಿ ಎರಡು ಪಾಲು ಸೊಸೆ ಮತ್ತು ಮೊಮ್ಮಗಳದ್ದು, ಒಂದು ಪಾಲು ನಿಮ್ಮದು. ಯಜಮಾನರಿಗೆ ಇದು ಸಿಟ್ಟು ತರಿಸಬಹುದು. ಸೈಟಿನ ಪತ್ರ ನಿಮ್ಮ ಬೀರುವಿನಲ್ಲಿದ್ದು, ಸೊಸೆ ಕೇಳಿದಾಗೆಲ್ಲ "ನೋಡೋಣ" ಅಂದಿದ್ದೀರಿ ಅಂತ ನನ್ನ ಊಹೆ. ತಪ್ಪಿದ್ದರೆ ಕ್ಷಮಿಸಿ. ಮಾರ್ಪಾಡಿನ ಅರ್ಜಿ ಹಾಕುವ ದಿನವೇ, ಎರಡೂ ವಿಷಯವನ್ನು ಒಟ್ಟಿಗೆ ಮಧ್ಯಸ್ಥಿಕೆಗೆ ಕಳಿಸಿ ಅಂತ ಕೋರ್ಟನ್ನು ಕೇಳಿ. ಸೈಟಿನ ಗಂಟು ಬಿಚ್ಚಿದ ದಿನ ಮಗುವಿನ ಜ್ವರ ಕಡಿಮೆಯಾದದ್ದನ್ನು ನಾನು ಕಂಡಿದ್ದೇನೆ.

ಮಗು ಬಂದಾಗ ಅವಳ ಪಾಡಿಗೆ ಆಡಲು ಬಿಡಿ. ಮಂಡಕ್ಕಿ-ಮೆಣಸಿನಕಾಯಿ ಮಾಡಿ ಕೊಡಿ, ಅವಳ ಅಪ್ಪನ ಚಿಕ್ಕಂದಿನ ಫೋಟೊ ತೋರಿಸಿ. "ಅಮ್ಮ ನಮ್ಮ ಬಗ್ಗೆ ಏನಂತಾಳೆ?" ಅಂತ ಮಾತ್ರ ಕೇಳಬೇಡಿ. ಯಾಕೆ ಅಂತ ಮುಂದಿನ ಪತ್ರ ಓದಿ.

ಪ್ರಶ್ನೆ: ನಾನು ಮೈಸೂರಿನವಳು, 34 ವರ್ಷ. ಗಂಡ ತೀರಿಕೊಂಡಿದ್ದಾರೆ. ಒಂಬತ್ತು ವರ್ಷದ ಮಗ ತಿಂಗಳಿಗೆ ಎರಡು ಶನಿವಾರ ಅಜ್ಜಿ-ತಾತನ ಮನೆಗೆ ಹೋಗಬೇಕು ಅಂತ ಕೋರ್ಟ್ ಆದೇಶ. ಹೋದ ತಿಂಗಳು ಅಲ್ಲಿಂದ ಬಂದವನು "ಅಪ್ಪನಿಗೆ ಹುಷಾರಿಲ್ಲದಾಗ ನೀನು ಬೇಗ ಆಸ್ಪತ್ರೆಗೆ ಸೇರಿಸಲಿಲ್ವಂತೆ, ಹೌದಾ ಅಮ್ಮಾ?" ಅಂತ ಕೇಳಿದ. ರಾತ್ರಿಯೆಲ್ಲ ಮಲಗಲಿಲ್ಲ. ಈಗ ಶನಿವಾರ ಬಂದರೆ ಹೊಟ್ಟೆನೋವು ಅನ್ನುತ್ತಾನೆ. ಕಳಿಸುವುದನ್ನು ನಿಲ್ಲಿಸಿದರೆ ನನ್ನ ಮೇಲೆ ಕೇಸ್ ಆಗುತ್ತದೆಯೇ?

ಉತ್ತರ: ತಂಗೀ, ಆ ಪ್ರಶ್ನೆ ಕೇಳಿಸಿಕೊಂಡ ರಾತ್ರಿ ನಿನಗೂ ನಿದ್ದೆ ಬಂದಿರಲಿಕ್ಕಿಲ್ಲ. ಅವರು ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಮಗನನ್ನು ಕಳೆದುಕೊಂಡ ಸಂಕಟ ಅವರಿಗೂ ಇದೆ. ಆದರೆ ಅದನ್ನು ಮೊಮ್ಮಗನ ತಲೆಗೆ ಕಟ್ಟುವ ಹಾಗಿಲ್ಲ.

ಆದರೂ ನೀನಾಗಿಯೇ ನಿಲ್ಲಿಸಬೇಡ. ನಿಲ್ಲಿಸಿದರೆ ಮೇಲಿನ ಅಜ್ಜಿಗೆ ಹೇಳಿದ ದಾರಿಗಳೆಲ್ಲ ಅವರಿಗೂ ತೆರೆದಿವೆ, ಮತ್ತು ನಿನ್ನ ಕಾರಣ ಎಷ್ಟೇ ಗಟ್ಟಿ ಇದ್ದರೂ ಆದೇಶ ಮೀರಿದವಳು ನೀನು ಅಂತ ದಾಖಲೆಯಲ್ಲಿ ಉಳಿಯುತ್ತದೆ. ನಾಳೆಯೇ ವಕೀಲರನ್ನು ನೋಡಿ, ಭೇಟಿಯ ರೀತಿ ಬದಲಾಯಿಸಿ ಅಂತ ಅರ್ಜಿ ಹಾಕಿಸು. ಕೆಲವು ತಿಂಗಳು ಭೇಟಿ ಅವರ ಮನೆಯಲ್ಲಿ ಬೇಡ, ಕೌನ್ಸೆಲರ್ ಇರುವ ಕಡೆ ಆಗಲಿ, ಸಾವಿನ ವಿಷಯ, ತಾಯಿಯ ವಿಷಯ ಮಗುವಿನ ಮುಂದೆ ಎತ್ತಬಾರದು ಅಂತ ಆದೇಶದಲ್ಲೇ ಬರೆಯಿರಿ ಅಂತ ಕೇಳು. ಅರ್ಜಿ ಇತ್ಯರ್ಥ ಆಗುವವರೆಗೆ ಮಧ್ಯಂತರ ಆದೇಶ ಬೇಕು ಅಂತಲೂ ಸೇರಿಸು. ತುರ್ತು ಅನ್ನಿಸಿದರೆ ಬೇಗ ಕೈಗೆತ್ತಿಕೊಳ್ಳುತ್ತಾರೆ.

ಮಗ ಹೇಳಿದ ಮಾತನ್ನು ಅವನು ಹೇಳಿದ ಹಾಗೆಯೇ, ತಾರೀಖು ಹಾಕಿ ಬರೆದಿಡು. ಅವನನ್ನು ಕೂರಿಸಿಕೊಂಡು ಮತ್ತೆ ಮತ್ತೆ ಕೇಳಬೇಡ, ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಡ. ಹೇಳಿಕೊಟ್ಟ ಮಾತು ಯಾವುದು, ಮಗುವಿನ ಸ್ವಂತ ಮಾತು ಯಾವುದು ಅಂತ ಚೇಂಬರಿನಲ್ಲಿ ಕೂತ ನ್ಯಾಯಾಧೀಶರಿಗೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಸ್ವಂತ ಅಭಿಪ್ರಾಯ ಹೇಳುವಷ್ಟು ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ಕೋರ್ಟ್ ಗಮನಿಸಬಹುದು ಅಂತ 1890ರ ಕಾಯ್ದೆಯ 17ನೇ ಕಲಮಿನಲ್ಲೇ ಇದೆ. ಆದರೆ "ಬೇಡ" ಅಂತ ಮಗು ಹೇಳಿತು, ಅಲ್ಲಿಗೆ ಮುಗಿಯಿತು ಅಂತಲ್ಲ. ಯಾಕೆ ಬೇಡ ಅನ್ನುವುದನ್ನು ಅವರು ನೋಡುತ್ತಾರೆ. ಹೊಟ್ಟೆನೋವಿಗೆ ಮಕ್ಕಳ ಡಾಕ್ಟರನ್ನು ತೋರಿಸು. ದೇಹದಲ್ಲಿ ಏನೂ ಇಲ್ಲ ಅಂದರೆ ಅವರೇ ಮಕ್ಕಳ ಮನಸ್ಸಿನ ತಜ್ಞರ ಹತ್ತಿರ ಕಳಿಸುತ್ತಾರೆ. ಆ ಚೀಟಿ ನಿನ್ನ ಅರ್ಜಿಗೆ ಬಲ.

ಅಲ್ಲಿಯವರೆಗೆ ಶನಿವಾರ ಕಳಿಸಲೇಬೇಕಾದರೆ ಹೊತ್ತು ಕಡಿಮೆ ಮಾಡಲು ಕೇಳು, ಬರಹದಲ್ಲಿ ಕೇಳು. ನಿಮ್ಮಿಬ್ಬರಿಗೂ ಹೊಂದುವ ಹಿರಿಯರು ಯಾರಾದರೂ ಇದ್ದರೆ, ನಾದಿನಿಯೋ ಚಿಕ್ಕಪ್ಪನೋ, ಆ ಹೊತ್ತು ಅಲ್ಲಿರಲಿ. ಸುಮ್ನೆ ಕದ ಹಾಕಿಕೊಳ್ಳುವುದಕ್ಕಿಂತ ಇದು ಕಷ್ಟದ ದಾರಿ, ಗೊತ್ತು.

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಉಪನ್ಯಾಸಕ. ಮಗ-ಸೊಸೆಗೆ ವಿಚ್ಛೇದನ ಆಗಿದೆ. ಪ್ರತಿ ಭಾನುವಾರ ಮೊಮ್ಮಗನ ಜೊತೆ ವಿಡಿಯೊ ಕಾಲ್ ಮಾಡಿಸಬೇಕು ಅಂತ ನಮ್ಮಲ್ಲಿನ ಕೋರ್ಟಿನಲ್ಲಿ ರಾಜಿಯಾಗಿತ್ತು. ಸೊಸೆ ಈಗ ಮಗುವಿನೊಂದಿಗೆ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಚಳಿಗಾಲ ಶುರುವಾದ ಮೇಲೆ ಕಾಲ್ ನಿಂತೇಹೋಗಿದೆ. ಅಲ್ಲಿನ ಕೋರ್ಟಿಗೆ ಹೋಗಬಹುದೇ?

ಉತ್ತರ: ಸರ್, ಹೋಗಬಹುದು, ಆದರೆ ಆ ದಾರಿ ಉದ್ದ. ಭಾರತದ ಆದೇಶ ಅಲ್ಲಿ ತಾನಾಗಿಯೇ ಜಾರಿಯಾಗುವುದಿಲ್ಲ. ಮಕ್ಕಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಕರೆದೊಯ್ಯುವ ಬಗ್ಗೆ 1980ರ ಹೇಗ್ ಒಪ್ಪಂದ ಅಂತ ಒಂದಿದೆ. ಭಾರತ ಅದಕ್ಕೆ ಸೇರಿಲ್ಲ, ಹಾಗಾಗಿ ಆ ಬಾಗಿಲೂ ಇಲ್ಲ. ಅಮೆರಿಕದಲ್ಲಿ ಅಜ್ಜ-ಅಜ್ಜಿಯರ ಭೇಟಿಗೆ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. 2000ನೇ ಇಸವಿಯ ಟ್ರಾಕ್ಸೆಲ್ ವಿರುದ್ಧ ಗ್ರ್ಯಾನ್‌ವಿಲ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಮಗು ಯಾರನ್ನು ಎಷ್ಟು ನೋಡಬೇಕು ಅನ್ನುವುದರಲ್ಲಿ ಯೋಗ್ಯ ತಂದೆ-ತಾಯಿಯ ಮಾತಿಗೆ ಹೆಚ್ಚು ತೂಕ ಕೊಡಬೇಕು ಅಂದಿತು. ನ್ಯೂಜೆರ್ಸಿಯಲ್ಲಂತೂ, ನಿಮ್ಮ ಸಂಪರ್ಕ ತಪ್ಪಿದರೆ ಮಗುವಿಗೆ ಹಾನಿ ಅಂತ ನೀವೇ ಸಾಬೀತು ಮಾಡಬೇಕಾಗುತ್ತದೆ. ನಮ್ಮ ಮನೆಗಳಲ್ಲಿ ಮೊಮ್ಮಗ ಅಜ್ಜನ ತೊಡೆಯ ಮೇಲೆ ಬೆಳೆಯುವುದು ಸಹಜ ಅಂದುಕೊಂಡಿದ್ದೇವೆ. ಅಲ್ಲಿನ ಕೋರ್ಟು ಹಾಗೆ ಅಂದುಕೊಂಡು ಶುರು ಮಾಡುವುದಿಲ್ಲ.

ಅದಕ್ಕೂ ಮೊದಲು ಒಂದು ವಿಷಯ ನೋಡಿ. ಚಳಿಗಾಲದಲ್ಲಿ ನಿಂತಿತು ಅಂದಿರಿ. ನಿಮ್ಮ ರಾಜಿಯಲ್ಲಿ ಭಾರತದ ಸಂಜೆ 7.30 ಅಂತ ಇದ್ದರೆ, ಬೇಸಿಗೆಯಲ್ಲಿ ಅಲ್ಲಿ ಬೆಳಿಗ್ಗೆ 10 ಗಂಟೆ. ನವೆಂಬರಿನ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ. ಆಗ ಅದೇ 7.30 ಅಲ್ಲಿ 9 ಗಂಟೆ ಆಗುತ್ತದೆ. ಭಾನುವಾರ 9ಕ್ಕೆ ಮಗುವಿಗೆ ಈಜೋ, ಸಂಗೀತವೋ ಇದ್ದರೆ? ಒಮ್ಮೆ ತಪ್ಪಿತು, ಎರಡು ಸಲ ತಪ್ಪಿತು, ಆಮೇಲೆ ಇಬ್ಬರಿಗೂ ಬಿಂಕ. ಸೊಸೆಗೆ ಒಂದು ಸಾದಾ ಮೆಸೇಜ್ ಹಾಕಿ: "ಅಲ್ಲಿನ 10 ಗಂಟೆಗೇ ಇರಲಿ, ಚಳಿಗಾಲದಲ್ಲಿ ನಾವು 8.30ಕ್ಕೆ ಕೂರುತ್ತೇವೆ." ಅದಕ್ಕೂ ಉತ್ತರ ಬರದಿದ್ದರೆ ರಾಜಿ ಆದ ಕೋರ್ಟಿನಲ್ಲೇ ಅರ್ಜಿ ಹಾಕಿ. ಅವಳು ಅಮೆರಿಕದಲ್ಲಿದ್ದರೂ ಆ ಕೇಸಿನಲ್ಲಿ ಪಕ್ಷಗಾರಳೇ. ಕೋರ್ಟಿಗೆ ಕೊಟ್ಟ ಮಾತನ್ನು ಬೇಕೆಂದೇ ಮುರಿಯುವುದೂ ನಿಂದನೆಯ ವ್ಯಾಪ್ತಿಗೆ ಬರುತ್ತದೆ, ಅದು ಅವಳ ವಕೀಲರಿಗೂ ಗೊತ್ತಿರುತ್ತದೆ.

ಪ್ರಶ್ನೆ: ಭೇಟಿಯ ಜಂಜಾಟವೇ ಬೇಡ, ಮೊಮ್ಮಗನನ್ನು ಪೂರ್ತಿ ನಮಗೇ ಕೊಡಿಸಿ ಅಂತ ಕೇಳಬಹುದೇ? ಸುಪ್ರೀಂ ಕೋರ್ಟ್ ಅಜ್ಜ-ಅಜ್ಜಿಗೆ ಕೊಟ್ಟಿದೆಯಂತೆ. (ಹೆಸರು ಬೇಡ, ತುಮಕೂರು)

ಉತ್ತರ: ನೀವು ಕೇಳಿರುವುದು 2022ರ ಸ್ವಾಮಿನಾಥನ್ ಕುಂಚು ಆಚಾರ್ಯ ಪ್ರಕರಣ ಇರಬೇಕು. ಅಲ್ಲಿ ಕೋವಿಡ್‌ನಲ್ಲಿ ಮಗುವಿನ ತಂದೆ-ತಾಯಿ ಇಬ್ಬರೂ ತೀರಿಕೊಂಡಿದ್ದರು. ಜಗಳ ಇದ್ದದ್ದು ಅಹಮದಾಬಾದಿನ ತಂದೆ ಕಡೆಯ ಅಜ್ಜ-ಅಜ್ಜಿಗೂ ತಾಯಿಯ ಸಹೋದರಿಗೂ. ನಿಮ್ಮ ಪತ್ರದ ಪ್ರಕಾರ ನಿಮ್ಮ ಮೊಮ್ಮಗನಿಗೆ ತಾಯಿ ಇದ್ದಾಳೆ, ಕೆಲಸದಲ್ಲಿದ್ದಾಳೆ, ಚೆನ್ನಾಗಿ ಓದಿಸುತ್ತಿದ್ದಾಳೆ. ಅವಳು ಇನ್ನೊಂದು ಮದುವೆ ಆಗಿದ್ದಾಳೆ ಅನ್ನುವುದೊಂದೇ ಕಾರಣಕ್ಕೆ ಮಗು ನಿಮಗೆ ಬರುವುದಿಲ್ಲ. ಭೇಟಿಯ ಜಂಜಾಟವನ್ನೇ ಸರಿ ಮಾಡಿಕೊಳ್ಳಿ.

ಪ್ರಶ್ನೆ: ಅಮಲ್ಜಾರಿ ಅರ್ಜಿಗೆ ಹಳೆಯ ವಕೀಲರು ಕೇಳುವ ಫೀ ಕೊಡುವ ಶಕ್ತಿ ನನಗಿಲ್ಲ. ಒಬ್ಬಳೇ ಹೋಗಿ ಮಾತಾಡಬಹುದೇ? (ಓದುಗಳು, ಹಾಸನ)

ಉತ್ತರ: ಹೋಗಬಹುದು. ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಕಡ್ಡಾಯ ಅಲ್ಲ. ನಿಜ ಹೇಳಬೇಕೆಂದರೆ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಂ ಪ್ರಕಾರ ಅಲ್ಲಿ ವಕೀಲರ ಮೂಲಕ ಹಾಜರಾಗುವುದು ಯಾರ ಹಕ್ಕೂ ಅಲ್ಲ, ಕೋರ್ಟ್ ಒಪ್ಪಿ ಬಿಡುತ್ತದೆ ಅಷ್ಟೆ. ಆದರೆ ಅಮಲ್ಜಾರಿ ಅರ್ಜಿ ಬರೆಯುವುದರಲ್ಲಿ ಸ್ವಲ್ಪ ತಾಂತ್ರಿಕ ಕೆಲಸ ಇದೆ, ಒಬ್ಬರ ಸಹಾಯ ಇದ್ದರೆ ಒಳ್ಳೆಯದು. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ಹಾಸನದ ಕೋರ್ಟ್ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಎಲ್ಲಿ ಅಂತ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ. ಹೋಗುವಾಗ ಆದೇಶದ ಸರ್ಟಿಫೈಡ್ ಕಾಪಿ, ಆಧಾರ್ ಕಾರ್ಡಿನ ಜೆರಾಕ್ಸ್, ಭೇಟಿ ತಪ್ಪಿದ ದಿನಗಳ ನೋಟ್‌ಬುಕ್ ಜೊತೆಗಿರಲಿ. ಸರ್ಟಿಫೈಡ್ ಕಾಪಿ ಕಳೆದುಹೋಗಿದ್ದರೆ ಮೊದಲು ಅದಕ್ಕೆ ಅರ್ಜಿ ಕೊಟ್ಟುಬಿಡಿ, ಅದು ಕೈಗೆ ಬರಲು ದಿನ ಹಿಡಿಯುತ್ತದೆ. ಮತ್ತೆ, ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಬೇಡಿ, ಕಾಯಬೇಕಾಗುತ್ತದೆ.